ಮಿಸ್ ಲಿಬ್ಬಿಯ ಬಂದೂಕಿನ ದೀಪ

ನಮ್ಮ ಟೆಕ್ಸಸ್‌ನ ಈ ಮೂಲೆಯಲ್ಲಿ ಬಂದೂಕು ಹಿಡಿದು ಅಂಗಡಿಗೆ ಬರುವವರನ್ನು ಯಾರೂ ತಿರುಗಿ ನೋಡುವುದಿಲ್ಲ. ಆದರೆ ಮಿಸ್ ಲಿಬ್ಬಿ ಓರ್ಸಾಕ್ ತಮ್ಮ ಬಂದೂಕನ್ನು ಹಳೆಯ ಕೌದಿಯಲ್ಲಿ ಸುತ್ತಿ, ಕೂಸನ್ನು ಎತ್ತಿಕೊಂಡ ಹಾಗೆ ಎದೆಗೆ ಒತ್ತಿಕೊಂಡು ಬಂದಾಗ ಹಿಂಡಿ ಮೂಟೆ ಹೊರುತ್ತಿದ್ದವರೂ ನಿಂತು ನೋಡಿದರು.

"ಹದಿನಾಲ್ಕು, ಒಳಗಿದ್ದೀಯೇನೋ?" ಎಂದು ಬಾಗಿಲಲ್ಲೇ ಕೂಗಿದರು.

ನಾನು ಅವರ ಎದುರಿಗೇ ಕೂತಿದ್ದೆ. ಹಿಂಡಿ-ಬೂಸಾ ಅಂಗಡಿಯ ಹಿಂದಿನ ಕೋಣೆಯಲ್ಲಿ ನನ್ನ ರಿಪೇರಿ ಮೇಜು. ಕೋಣೆಯೇನೂ ದೊಡ್ಡದಲ್ಲ. ಎದುರಿಗಿರುವವನನ್ನು ಕೂಗಿ ಕರೆಯುವುದು ಅವರ ಗತ್ತು ಎಂದುಕೊಂಡು ನಕ್ಕೆ.

ಹದಿನಾಲ್ಕು ಅಂದರೆ ನಾನೇ. ಅಪ್ಪ ಅಮ್ಮ ಇಟ್ಟ ಹೆಸರು ಜರೋಲ್ಡ್ ಮಿಕೆಸ್ಕಾ. ಶೆರಿಫ್ ಕಚೇರಿಯಲ್ಲಿ, ಅಂದರೆ ನಮ್ಮ ಕಡೆಯ ಪೊಲೀಸ್ ಠಾಣೆಯಲ್ಲಿ, ಡೆಪ್ಯುಟಿಯಾಗಿದ್ದಾಗ ನನ್ನ ಗಾಡಿಯ ನಂಬರು ಹದಿನಾಲ್ಕು. ಮಿಸ್ ಲಿಬ್ಬಿ ಅದೇ ಕಚೇರಿಯ ವೈರ್‌ಲೆಸ್ ಮುಂದೆ ಮೂವತ್ತು ವರ್ಷ ಕೂತವರು. ಯಾವ ಗಾಡಿ ಎಲ್ಲಿದೆ, ಯಾರು ಯಾವ ಕತ್ತಲಲ್ಲಿ ಒಬ್ಬನೇ ಇಳಿದಿದ್ದಾನೆ, ಯಾರ ದನಿಯಲ್ಲಿ ಹೆದರಿಕೆ ಇದೆ, ಎಲ್ಲ ಅವರಿಗೆ ಗೊತ್ತು. ಮದುವೆಯಾಗಲಿಲ್ಲ. ವೈರ್‌ಲೆಸ್ಸನ್ನೇ ಕಟ್ಟಿಕೊಂಡಿದ್ದಾಳೆ ಎಂದು ಊರು ಆಡಿಕೊಳ್ಳುತ್ತಿತ್ತು. ನಿವೃತ್ತಿಯ ದಿನ ಶೆರಿಫ್ ಗೋಡೆ ಗಡಿಯಾರ ಕೊಡಲು ಬಂದರೆ, "ಗಂಟೆ ನೋಡಿ ನೋಡಿ ಸಾಕಾಗಿದೆ. ಗಾಡಿಯಲ್ಲಿರೋ ಹಳೇ ಬಂದೂಕು ಕೊಡಿ. ಮೂವತ್ತು ವರ್ಷ 'ಬಂದೂಕು ತಗೊಂಡು ಇಳೀರಿ' ಅಂತ ಹೇಳಿದ್ದೇ ಬಂತು, ಒಂದಿನ ಮುಟ್ಟಿ ನೋಡ್ಲಿಲ್ಲ" ಎಂದು ಹಟ ಹಿಡಿದು ಪಡೆದರು. ಈಗ ಕೌದಿಯಲ್ಲಿ ಬಂದದ್ದು ಅದೇ ಬಂದೂಕು.

"ಇದರ ದೀಪ ಸಾಯ್ತಾ ಇದೆ ಕಣೋ. ಕುಂಬಳಕಾಯಿ ಬಣ್ಣಕ್ಕೆ ತಿರುಗಿದೆ. ಈಗೇನೋ ಎಲ್‌ಇಡಿ ಅಂತಾರಲ್ಲ, ಆ ಥರದ್ದು ಹಾಕು. ಇರೋದ್ರಲ್ಲೇ ಜೋರಾಗಿರೋದು."

"ಯಾರ ಮೇಲೆ ಯುದ್ಧ ಸಾರಿದ್ದೀರಿ, ಮಿಸ್ ಲಿಬ್ಬಿ?"

"ಕಾಡುಹಂದಿ. ತೋಟಕ್ಕೆ ನುಗ್ತವೆ."

"ಊರ ನಡುವೆ? ಚರ್ಚಿನ ಎದುರುಮನೆಗೆ?"

"ದೈವಭಕ್ತ ಹಂದಿಗಳಿರಬೇಕು. ನೀನು ಕೆಲಸ ಮಾಡ್ತೀಯೋ, ಪಾಟಿಸವಾಲು ಹಾಕ್ತೀಯೋ?"

ಬಾಯಿ ಮುಚ್ಚಿಕೊಂಡು ಕೆಲಸಕ್ಕೆ ಕೂತೆ. ಈ ಬಂದೂಕಿನಲ್ಲಿ ದೀಪ ಬೇರೆ, ಬಂದೂಕು ಬೇರೆ ಅಲ್ಲ. ನಳಿಕೆಯ ಕೆಳಗೆ ಎಡಗೈ ಹಿಡಿಯುವ ಜಾಗವಿದೆಯಲ್ಲ, ಆ ಹಿಡಿಯೊಳಗೇ ಒಂದು ಗಿಡ್ಡ ಟಾರ್ಚು ಕೂತಿದೆ. ಹಿಡಿಯ ಪಕ್ಕದಲ್ಲಿ ರಬ್ಬರಿನ ಪಟ್ಟಿ. ಅಂಗೈ ಒತ್ತಿದರೆ ಉರಿಯುತ್ತದೆ, ಬಿಟ್ಟರೆ ಆರುತ್ತದೆ. ಇದು ಬಂದ ಹೊಸತರಲ್ಲಿ ನಾವು ಡೆಪ್ಯುಟಿಗಳು ಹೊಸ ಬೂಟು ಹಾಕಿಕೊಂಡ ಮಕ್ಕಳ ಹಾಗೆ ಮೆರೆದಿದ್ದೆವು. ಈಗಿನ ಹುಡುಗರು ನೋಡಿದರೆ ನಗುತ್ತಾರೆ.

ಮೊದಲು ಬಂದೂಕು ಖಾಲಿಯಿದೆಯೇ ಎಂದು ನೋಡಿದೆ. ಖಾಲಿಯಿತ್ತು. ನಳಿಕೆಯೊಳಗೆ ಇಣುಕಿದರೆ ಜೇಡವೊಂದು ಸಂಸಾರ ಹೂಡಿತ್ತು. ಇದರಿಂದ ಗುಂಡು ಹಾರಿ ಎಷ್ಟೋ ವರ್ಷವಾಗಿರಬೇಕು. ಆದರೆ ಎಡಗೈ ಹಿಡಿಯ ರಬ್ಬರು ಮಾತ್ರ ಸವೆದು, ದಿನವೂ ಕೂರುವ ಕುರ್ಚಿಯ ತೋಳಿನಂತೆ ನುಣ್ಣಗಾಗಿತ್ತು. ಅದೊಂದು ನನಗೆ ವಿಚಿತ್ರ ಕಂಡಿತು. ಕೇಳಬೇಕಿತ್ತು. ಹಂದಿಯ ಉತ್ತರದ ಪೆಟ್ಟು ಹಸಿಯಾಗಿತ್ತು, ಕೆಲಸ ಮುಂದುವರಿಸಿದೆ.

ಮುಂದಿನ ಉಂಗುರ ಬಿಚ್ಚಿ, ಗಾಜು ತೆಗೆದು, ಹಳೆಯ ಬಲ್ಬನ್ನು ಹೊರಗೆ ಎಳೆದೆ. ಒಳಗೆ ಕಪ್ಪಾಗಿ ಮಸಿ ಹಿಡಿದಿತ್ತು. ಅದರ ಜಾಗಕ್ಕೆ ಹೊಸ ಎಲ್‌ಇಡಿ ಕೂರಿಸಿದರೆ ಸ್ವಲ್ಪ ಸಡಿಲ. ಸಡಿಲವಿದ್ದರೆ ಬಿಸಿ ಹೊರಗೆ ಹೋಗುವುದಿಲ್ಲ, ಗುಂಡಿನ ಒದೆತಕ್ಕೆ ದೀಪ ಮಿಣುಕುತ್ತದೆ. ತಾಮ್ರದ ತೆಳುಹಾಳೆ ಸುತ್ತಿ ಬಿಗಿಯಾಗಿ ತುರುಕಿದೆ. ಜೇಡವನ್ನೂ ಒಕ್ಕಲೆಬ್ಬಿಸಿದೆ.

"ಹಿಂದುಗಡೆ ಹೋಗಿ ಎರಡು ಗುಂಡು ಹಾರಿಸಿ ನೋಡ್ತೀನಿ. ಒದೆತ ತಡೆಯುತ್ತಾ ಇಲ್ವಾ ಗೊತ್ತಾಗಬೇಕಲ್ಲ."

"ಅದೇನೂ ಬೇಡ. ದೀಪ ಹತ್ತಿಸಿ ಕೊಡು, ಸಾಕು."

ಕೊಟ್ಟೆ. ಅವರು ನಳಿಕೆಯನ್ನು ಗೋಡೆಯ ಕಪಾಟಿನತ್ತ ತಿರುಗಿಸಿ ಅಂಗೈ ಒತ್ತಿದರು. ಹಾಲು ಚೆಲ್ಲಿದ ಹಾಗೆ ಕಪಾಟು ಬೆಳ್ಳಗಾಯಿತು. ಮಿಸ್ ಲಿಬ್ಬಿ ಕತ್ತು ಓರೆ ಮಾಡಿ, ತುಟಿ ಅಲ್ಲಾಡಿಸುತ್ತ, ಬೈಬಲ್ ಓದುವವರಂತೆ ನಿಧಾನವಾಗಿ ಓದಿದರು: "ಕರುಗಳ ಜಂತುಹುಳದ ಔಷಧಿ... ಕುದುರೆ ಗೊರಸಿನ ಎಣ್ಣೆ..." ಆಮೇಲೆ ದೀಪ ಆರಿಸಿ, "ದೇವರು ನಿನ್ನನ್ನ ಚೆನ್ನಾಗಿಟ್ಟಿರಲಿ ಕಣೋ" ಎಂದರು. ಜಂತುಹುಳದ ಔಷಧಿಗೆ ಇಷ್ಟು ಭಕ್ತಿಯೇ ಎಂದುಕೊಂಡೆ. ಮಾರನೆಯ ದಿನ ಒಂದು ತಟ್ಟೆ ಗಸಗಸೆ ಕೊಲಾಚಿ ಕಳಿಸಿದರು. ನಮ್ಮೂರಲ್ಲಿ ಅವರಷ್ಟು ಮೆತ್ತಗೆ ಆ ಬನ್ನು ಸುಡುವವರಿಲ್ಲ.

ಬೇಸಿಗೆ ಏರುವ ಹೊತ್ತಿಗೆ ಮತ್ತೆ ಬಂದರು. ಅದೇ ಕೌದಿ, ಅದೇ ಕೂಗು.

"ನಿನ್ನ ಹೊಸ ಬಲ್ಬು ಸತ್ತಿತು! ಹಳೇದೇ ವಾಸಿ, ಇಪ್ಪತ್ತು ವರ್ಷ ಬಾಳಿತು."

ನನಗೆ ಅವಮಾನವಾಯಿತು. ಬಿಚ್ಚಿ ನೋಡಿದರೆ ಬಲ್ಬಿಗೆ ಏನೂ ಆಗಿರಲಿಲ್ಲ. ಸೆಲ್ಲುಗಳು ತಿರುವುಮುರುವಾಗಿದ್ದವು.

"ಮಿಸ್ ಲಿಬ್ಬಿ, ಸೆಲ್ಲು ಉಲ್ಟಾ ಹಾಕಿದ್ದೀರಿ."

"ಅದಕ್ಕೇನೀಗ? ಯಾವಾಗ್ಲೂ ಹೆಂಗೆ ಬೇಕಾದ್ರೂ ಹಾಕ್ತಿದ್ದೆ, ಉರೀತಿತ್ತು."

"ಹಳೇ ಬಲ್ಬಿಗೆ ಎಡ ಬಲ ಇಲ್ಲ, ಹೆಂಗೆ ಹಾಕಿದ್ರೂ ಉರೀತದೆ. ಈ ಮಹಾರಾಯನಿಗೆ ಎಲ್ಲ ಶಾಸ್ತ್ರೋಕ್ತ ಆಗಬೇಕು. ನೋಡಿ, ಇಲ್ಲಿ ಪ್ಲಸ್ ಗುರುತಿದೆಯಲ್ಲ, ಇದು ಮುಂದಕ್ಕೆ."

ಸೆಲ್ಲನ್ನು ಅವರ ಮುಂದೆ ಹಿಡಿದೆ. ಅವರು ಅದನ್ನು ನೋಡಲಿಲ್ಲ. ನನ್ನ ಕಿವಿಯ ಪಕ್ಕದಲ್ಲೆಲ್ಲೋ ನೋಡುತ್ತಿದ್ದರು. ಗುರುತು ಬೆರಳಿನಗಲ ಇದೆ, ಕೆಂಪು ಬಣ್ಣದ್ದು.

"ಮಿಸ್ ಲಿಬ್ಬಿ, ಇದು ಕಾಣ್ತಿದೆಯಾ?"

"ಕಾಣದೆ ಏನು?"

"ಯಾವ ಬಣ್ಣ?"

ಮೂವತ್ತು ವರ್ಷ ಒಂದು ಪ್ರಶ್ನೆಗೂ ತಡವರಿಸದ ಹೆಂಗಸು ಕೌದಿಯ ಅಂಚು ತಡಕಿದರು. ಕುರ್ಚಿ ಎಳೆದು ಕೂರಿಸಿದೆ.

"ನಡುಗಣ್ಣು ಹೋಯ್ತು ಕಣೋ, ಎರಡೂ," ಎಂದರು ಕೊನೆಗೆ. "ನೇರ ನೋಡಿದ್ರೆ ಮಧ್ಯದಲ್ಲಿ ಒಂದು ಬೂದಿ ಮುದ್ದೆ. ಅಂಚಲ್ಲಿ ಮಾತ್ರ ಕಾಣುತ್ತೆ, ಅದೂ ಬೆಳಕು ಚೆನ್ನಾಗಿದ್ರೆ. ಡಾಕ್ಟ್ರು ಇನ್ನೇನೂ ಮಾಡೋಕಾಗಲ್ಲ ಅಂದ್ರು. ಇರಲಿ ಬಿಡು, ಕುರುಡುಗಣ್ಣಿಗಿಂತ ಮೆಳ್ಳೆಗಣ್ಣು ವಾಸಿ ಅಲ್ವಾ."

"ಯಾರಿಗೂ ಗೊತ್ತಿಲ್ವಲ್ಲ!"

"ಎಲ್ಲರ ದನಿ ನನಗೆ ಗೊತ್ತು. ಬಾಯಿ ಬಿಟ್ಟ ಕೂಡ್ಲೇ ಹೆಸರು ಹಿಡಿದು ಕರೀತೀನಿ. ಕಾಣಲ್ಲ ಅಂತ ಯಾರಿಗೆ ಅನುಮಾನ ಬರುತ್ತೆ?"

ನಿಜ. ನನಗೇ ಬಂದಿರಲಿಲ್ಲ.

"ಅಂದ್ರೆ ಹಂದಿ..."

"ಹಂದಿನೂ ಇಲ್ಲ, ಮಂಗಣ್ಣನೂ ಇಲ್ಲ. ಒಲೆ ಹೊತ್ತಿದೆಯಾ ನೋಡಬೇಕು, ಮೆಟ್ಟಿಲು ಇಳೀಬೇಕು, ಹಿಟ್ಟಿನ ಡಬ್ಬಿ ಯಾವುದು, ಸಕ್ಕರೆ ಡಬ್ಬಿ ಯಾವುದು ಗೊತ್ತಾಗಬೇಕು. ಅದಕ್ಕೆ ದೀಪ."

"ಅದಕ್ಕೆ ಬಂದೂಕು ಯಾಕೆ? ಕೈ ಟಾರ್ಚು ಕೊಡ್ತೀನಿ, ನಾಳೇನೇ."

ಅವರು ತಮ್ಮ ಕೈ ಮುಂದೆ ಚಾಚಿದರು. ಬೆರಳ ಗೆಣ್ಣುಗಳು ಹಸಿ ಶುಂಠಿಯ ಹಾಗೆ ಊದಿಕೊಂಡಿದ್ದವು. "ಟಾರ್ಚಿನ ಹಿಂದೆ ಒಂದು ಚಿಟಿಕೆ ಗುಂಡಿ ಇರುತ್ತೆ. ಈ ಹೆಬ್ಬೆರಳಲ್ಲಿ ಅದನ್ನ ಒತ್ತೋಕಾಗಲ್ಲ. ಇದನ್ನಾದ್ರೆ ಅಂಗೈಯಲ್ಲಿ ಹಿಂಡಿದ್ರೆ ಸಾಕು." ಬಂದೂಕನ್ನು ತೊಡೆಯ ಮೇಲೆ ಎಳೆದುಕೊಂಡರು. "ಇನ್ನೊಂದು ಮಾತು ಹೇಳ್ತೀನಿ, ನಗಬೇಡ. ಕೈಯಲ್ಲಿ ಬಂದೂಕಿದ್ರೆ ಕಾವಲು ಕಾಯೋಳು. ಕೋಲಿದ್ರೆ ಕುರುಡಿ. ನಾನು ಇನ್ನೂ ಕಾವಲು ಕಾಯ್ತಾ ಇದ್ದೀನಿ ಅಂತ ಅನ್ನಿಸಬೇಕು ನನಗೆ."

ನಾನು ನಗಲಿಲ್ಲ. ಅಪಾಯ ಕಣ್ಣಿಗೆ ಕಾಣುತ್ತಿತ್ತು. ಬಂದೂಕು ಖಾಲಿ ಎನ್ನುವುದು ಅವರಿಗೆ ಗೊತ್ತು, ನನಗೆ ಗೊತ್ತು, ಎದುರಿಗೆ ನಿಂತವನಿಗೆ ಗೊತ್ತಿರುವುದಿಲ್ಲ. ಹೇಳಿದೆ. "ನನ್ನ ಮನೆಗೆ ಯಾರೋ ಬರ್ತಾರೆ ಹೋಗೋ" ಎಂದರು. ಕಸಿದುಕೊಳ್ಳುವ ಎದೆ ನನಗಿರಲಿಲ್ಲ. ಸೆಲ್ಲು ಸರಿ ಮಾಡಿ, ಅದರ ಮುಂಭಾಗಕ್ಕೆ ಬೆರಳಿಗೆ ಸಿಗುವಂತೆ ಒರಟು ಟೇಪು ಅಂಟಿಸಿ, ಬಂದೂಕನ್ನು ಕೌದಿಯಲ್ಲಿ ಸುತ್ತಿ ಕಳಿಸಿದೆ.

ಅದಾಗಿ ತಿಂಗಳಾಗಿರಲಿಲ್ಲ. ಒಂದು ಬೆಳಿಗ್ಗೆ ಎಫ್ರೇನ್ ಕಾಂತು ನನ್ನ ಬಾಗಿಲಲ್ಲಿ ನಿಂತಿದ್ದ. ಗಡಿಯ ಕಡೆಯಿಂದ ಬಂದು ಹೊಸದಾಗಿ ಸೇರಿದ ಡೆಪ್ಯುಟಿ. ಮಾತು ಕಡಿಮೆ, ಸಮವಸ್ತ್ರ ಇನ್ನೂ ಅಂಗಡಿಯ ಮಡಿಕೆ ಬಿಟ್ಟಿಲ್ಲ. ಮುಖ ಬಿಳಿಚಿಕೊಂಡಿತ್ತು.

"ಮಿಕೆಸ್ಕಾ ಸಾರ್, ಚರ್ಚಿನ ಎದುರುಮನೆ ಅಜ್ಜಿಯ ಬಂದೂಕಿಗೆ ಆ ದೀಪ ಹಾಕಿದ್ದು ನೀವಾ?"

"ಹೌದು. ಏನಾಯ್ತು?"

"ಅವರನ್ನ ಕೊಂದೇ ಬಿಡ್ತಿದ್ದೆ, ಸಾರ್."

ನೀರು ಕೊಟ್ಟೆ. ಕುಡಿಯಲಿಲ್ಲ, ಲೋಟ ಹಿಡಿದೇ ಹೇಳಿದ. ಹಿಂದಿನ ಸಂಜೆ ಯಾರದೋ ಕಡಸು ಹಗ್ಗ ಹರಿದುಕೊಂಡು ರಸ್ತೆಗೆ ಬಂದಿತ್ತು. ಯಾರದೆಂದು ಮನೆಮನೆಗೆ ಕೇಳುತ್ತ ಹೊರಟಿದ್ದ. ಮಿಸ್ ಲಿಬ್ಬಿಯ ಮನೆಯ ಮೆಟ್ಟಿಲ ಹತ್ತಿರ ಬಂದಾಗ ಬಾಗಿಲು ತೆರೆಯಿತು. ಥಟ್ಟನೆ ಬೆಳಕು.

"ನನ್ನ ಮೇಲೆ ಬಿಟ್ಟಿರಲಿಲ್ಲ, ನೆಲಕ್ಕೇ ಹಿಡಿದಿದ್ರು. ಆದ್ರೆ ಆ ಮೆಟ್ಟಿಲಿಗೆಲ್ಲ ಬಿಳಿ ಬಣ್ಣ ಬಳಿದಿದ್ದಾರೆ. ಬೆಳಕು ಅಲ್ಲಿಂದ ಪುಟಿದು ನನ್ನ ಕಣ್ಣು ಕುಕ್ಕಿತು. ಹಿಂದೆ ಯಾರಿದ್ದಾರೆ, ಗಂಡಸಾ ಹೆಂಗಸಾ ಏನೂ ಕಾಣ್ಲಿಲ್ಲ. ಬೆಳಕಿನ ಮೇಲೆ ನಳಿಕೆ ಒಂದೇ ಕಾಣ್ತಿತ್ತು. ನಾನು ಪಿಸ್ತೂಲು ಎಳೆದೆ, ಸಾರ್. ಬೆರಳು ಟ್ರಿಗರ್ ಮೇಲಿತ್ತು."

"ಆಮೇಲೆ?"

"ಪಿಸ್ತೂಲಿನ ಒರೆಯ ಗುಂಡಿ ಬಿಚ್ಚಿದ ಸದ್ದು ಅವರಿಗೆ ಕೇಳಿಸಿರಬೇಕು. ಬೆಳಕಿನ ಹಿಂದಿಂದ ಒಂದು ದನಿ ಬಂತು, ಥೇಟ್ ನಮ್ಮ ವೈರ್‌ಲೆಸ್ ಥರ. 'ಯೂನಿಟ್, ನಂಬರ್ ಹೇಳಿ.' ನನ್ನ ಬಾಯಿ ತಾನಾಗೇ 'ಇಪ್ಪತ್ತೆರಡು' ಅಂತು. 'ಇಪ್ಪತ್ತೆರಡು, ಅಲ್ಲೇ ನಿಲ್ಲಿ. ನನ್ನ ಬಂದೂಕು ಖಾಲಿ. ನೆಲಕ್ಕೆ ಇಡ್ತಾ ಇದ್ದೀನಿ. ಇಟ್ಟೆ. ಈಗ ನಿಮ್ಮದನ್ನ ಒಳಗಿಡಿ. ಇಟ್ರಾ? ಉಸಿರು ಬಿಡಿ.' ದೀಪ ಆರಿದ ಮೇಲೆ ನೋಡಿದ್ರೆ, ಏಪ್ರನ್ ಕಟ್ಟಿಕೊಂಡ ಬಿಳಿ ಕೂದಲಿನ ಅಜ್ಜಿ. ಕೈಗೆಲ್ಲ ಹಿಟ್ಟು." ಅವನು ಲೋಟವನ್ನು ಮೇಜಿನ ಮೇಲಿಟ್ಟ. "ದೀಪ ಅಷ್ಟು ಜೋರಾಗಿಲ್ಲದಿದ್ರೆ ನನಗೆ ಆ ಬಿಳಿ ಕೂದಲಾದ್ರೂ ಕಾಣ್ತಿತ್ತು, ಸಾರ್."

ಅವನು ನನ್ನನ್ನು ಬೈದಿದ್ದರೆ ವಾಸಿಯಿತ್ತು. ದೀಪ ಜೋರು ಮಾಡಿದವನು ನಾನು. ನೆಟ್ಟಗೆ ಮಾಡಿದ ಕೆಲಸವೇ ಇಬ್ಬರನ್ನು ನುಂಗಲಿತ್ತು. ಮಿಸ್ ಲಿಬ್ಬಿಯ ಕಣ್ಣಿನ ವಿಷಯ ಅವನಿಗೆ ಹೇಳಿದೆ. ಹೇಳಲೇಬೇಕಿತ್ತು. ಆಮೇಲೆ ಒಂದು ಮೊಳ ಉಕ್ಕಿನ ಕೊಳವೆ ಹುಡುಕಿ, ಆ ಎಡಗೈ ಹಿಡಿ ಅದರ ಮೇಲೆ ಸರಿಯಾಗಿ ಕೂರುವ ಹಾಗೆ ಅರದಿಂದ ಉಜ್ಜಿ, ಎರಡೂ ತುದಿಗೆ ಆಕ್ರೋಟಿನ ಮರದ ಬಿರಡೆ ಹೊಡೆದೆ. ಮಧ್ಯಾಹ್ನ ಎಫ್ರೇನನನ್ನು ಕರೆದುಕೊಂಡು ಅವರ ಮನೆಗೆ ಹೋದೆ.

ಬಿಸಿಲಿಗೆ ಪರದೆ ಎಳೆದುಕೊಂಡು ಅಡುಗೆಮನೆ ಮಬ್ಬಾಗಿತ್ತು. ಒಲೆಯಲ್ಲಿ ಏನೋ ಬೇಯುತ್ತಿತ್ತು. ಬಂದೂಕು ಮೇಜಿನ ಮೇಲೆ, ಹಿಟ್ಟಿನ ಡಬ್ಬಿಯ ಪಕ್ಕ ಮಲಗಿತ್ತು.

"ಹದಿನಾಲ್ಕು ಒಬ್ಬನೇ ಅಲ್ಲ, ಜೊತೆಗೆ ಕಿರುಗುಟ್ಟೋ ಹೊಸ ಬೂಟು ಬಂದಿದೆ," ಎಂದರು ನಾವು ಬಾಯಿ ತೆರೆಯುವ ಮೊದಲೇ.

ನಾನು ವಿಷಯಕ್ಕೆ ಬಂದೆ. ಬಂದೂಕಿನಿಂದ ದೀಪದ ಹಿಡಿಯನ್ನು ಬಿಚ್ಚಿ ಈ ಕೊಳವೆಗೆ ಹಾಕಿಕೊಡುತ್ತೇನೆ, ಅದೇ ರಬ್ಬರು, ಅದೇ ಬೆಳಕು, ನಳಿಕೆ ಮಾತ್ರ ಇರುವುದಿಲ್ಲ ಎಂದೆ. ಅವರು ಕೊಳವೆಯನ್ನು ಮುಟ್ಟಿ ನೋಡಿ ತಳ್ಳಿದರು.

"ಇದು ಕೋಲಿನ ಚಿಕ್ಕಪ್ಪನ ಮಗ. ಬೇಡ."

"ಮಿಸ್ ಲಿಬ್ಬಿ, ನಿನ್ನೆ ನೀವು ಸಾಯ್ತಿದ್ರಿ!"

"ನನ್ನ ಸಾವು, ನನ್ನ ಮನೆ ಮೆಟ್ಟಿಲು. ನಿನಗೇನೋ?"

ನನಗೆ ಸಿಟ್ಟು ಬಂತು. ಏನೋ ಒರಟು ಮಾತು ಆಡಲಿದ್ದೆ. ಅಷ್ಟರಲ್ಲಿ ಎಫ್ರೇನ್ ಬಾಗಿಲ ಬಳಿಯಿಂದಲೇ, "ಮೇಡಂ, ಕ್ಷಮಿಸಬೇಕು" ಎಂದ. ಹ್ಯಾಟು ಕೈಯಲ್ಲಿ ತಿರುಗುತ್ತಿತ್ತು.

"ನೀನ್ಯಾಕಪ್ಪ ಕ್ಷಮೆ ಕೇಳ್ತೀಯ? ಹೇಳಿದ ತಕ್ಷಣ ನಿಂತೆ, ಹೇಳಿದ ತಕ್ಷಣ ಒಳಗಿಟ್ಟೆ. ಒಳ್ಳೇ ಡೆಪ್ಯುಟಿ."

"ಬೆಳಿಗ್ಗೆ ಬೂಟಿನ ದಾರ ಕಟ್ಟೋಕೂ ಕೈ ಬರ್ಲಿಲ್ಲ, ಮೇಡಂ."

ಮಿಸ್ ಲಿಬ್ಬಿ ದನಿ ಬಂದ ಕಡೆಗೆ ತಿರುಗಿದರು. "ನಿನ್ನೆ ಮನೆಗೆ ಹೋದ್ಯಾ?"

"ಇಲ್ಲ. ಗಾಡಿಯಲ್ಲೇ ಕೂತಿದ್ದೆ, ಬೆಳಗಾಗೋವರೆಗೂ."

"ಅಮ್ಮನಿಗೆ ಫೋನು?"

"ಮಾಡ್ಲಿಲ್ಲ. ಏನಂತ ಹೇಳ್ಲಿ?"

ಒಲೆಯ ಮೇಲಿನ ಪಾತ್ರೆ ಕುದಿಯತೊಡಗಿತು. ಮಿಸ್ ಲಿಬ್ಬಿ ಏಪ್ರನ್ನಿಗೆ ಕೈ ಒರೆಸಿಕೊಂಡರು. ಒರೆಸಿಕೊಂಡದ್ದೇ ಒರೆಸಿಕೊಂಡದ್ದು.

"ಹದಿನಾಲ್ಕು, ನನ್ನ ಕಾಲದಲ್ಲಿ ಎಷ್ಟು ಡೆಪ್ಯುಟಿಗಳು ಮನೆ ಸೇರಲಿಲ್ಲ?"

"ಒಬ್ಬರೂ ಇಲ್ಲ, ಮಿಸ್ ಲಿಬ್ಬಿ. ಎಲ್ಲರನ್ನೂ ಮುಟ್ಟಿಸಿದ್ರಿ."

"ಇವನು ನಿನ್ನೆ ಸೇರಲಿಲ್ಲ." ಮೇಜನ್ನು ತಡವಿ ಬಂದೂಕನ್ನು ಎತ್ತಿ ನನ್ನ ಕೈಗಿಟ್ಟರು. "ಬಿಚ್ಚು. ನಳಿಕೆಗಿಳಿಕೆ ಎಲ್ಲ ತಗೊಂಡು ಹೋಗು. ನನಗೆ ಕಾಣಬಾರದು, ಹೆಂಗೂ ಕಾಣಲ್ಲ."

ಬಿಚ್ಚುವ ಕೆಲಸ ದೊಡ್ಡದಲ್ಲ. ನಳಿಕೆ ಕಳಚಿ, ತಿರುಪು ಸಡಿಲಿಸಿ, ಹಿಡಿಯನ್ನು ಜಾರಿಸಿ ಕೊಳವೆಯ ಮೇಲೆ ಕೂರಿಸಿದೆ. ಕೈಗಿಟ್ಟೆ. ಅವರು ಅಂಗೈ ಒತ್ತಿದರು. ಬೆಳಕು ನೆಲದ ಹಲಗೆಗಳ ಮೇಲೆ ಬಿತ್ತು. ಹಲಗೆಯ ಮೇಲೆ ಹರಿದು, ಮೇಜಿನ ಕಾಲು ಹತ್ತಿ, ಮೇಜಿನ ಅಂಚಿಗೆ ಬಂದು ನಿಂತಿತು. ಅಲ್ಲಿಂದ ಮೇಲೆ ಬರಲಿಲ್ಲ.

"ಇನ್ನೂ ಮೇಲಕ್ಕೆ ಎತ್ತಿ ನೋಡಿ," ಎಂದೆ.

"ಮೇಲೆ ನೀವಿದ್ದೀರಲ್ಲೋ."

"ಇದ್ರೆ?"

"ಬಂದೂಕಿನ ದೀಪಾನ ಮನುಷ್ಯರ ಕಡೆ ಹಿಡೀತಾರೇನೋ, ಪೆದ್ದ? ಖಾಲಿ ಇದ್ರೂ ಬಂದೂಕು ಬಂದೂಕೇ. ಡಬ್ಬಿ ನೋಡಿದ್ದೀನಿ, ಒಲೆ ನೋಡಿದ್ದೀನಿ, ಬೆಕ್ಕಿನ ಮೇಲೂ ಹಿಡಿದಿಲ್ಲ. ಎರಡು ವರ್ಷ ಆಯ್ತು, ಒಂದು ಮುಖ ನೋಡಿಲ್ಲ ನಾನು."

ಅವರ ಕೈಯಲ್ಲಿದ್ದದ್ದು ಬರೀ ಕೊಳವೆ ಎಂದು ಹೇಳಲು ಹೊರಟೆ. ಎಫ್ರೇನನೇ ಮುಂದೆ ಬಂದ. ಕುರ್ಚಿಯನ್ನು ಅವರ ಮೊಣಕಾಲಿನ ಹತ್ತಿರಕ್ಕೆ ಎಳೆದುಕೊಂಡು ಕೂತ.

"ಹಿಡೀರಿ, ಮೇಡಂ."

ಬೆಳಕು ಮೇಜಿನ ಅಂಚು ದಾಟಿ, ಅವನ ಅಂಗಿಯ ಗುಂಡಿಗಳನ್ನು ಹತ್ತಿ, ಗದ್ದಕ್ಕೆ ಬಂತು. ಮಿಸ್ ಲಿಬ್ಬಿಯ ಕೈ ಅಲ್ಲಿ ಒಂದು ಕ್ಷಣ ತಡೆಯಿತು. ಆಮೇಲೆ ಬೆಳಕು ಮುಖದ ಮೇಲೆ ನಿಂತಿತು. ಅವರು ಕತ್ತನ್ನು ಓರೆ ಮಾಡಿ, ಕಣ್ಣಿನ ಅಂಚಿನಿಂದ, ಹಣೆಯಿಂದ ಶುರು ಮಾಡಿ ಕೆಳಗೆ ಕೆಳಗೆ ನೋಡುತ್ತ ಬಂದರು.

"ಅಯ್ಯೋ ದೇವರೇ," ಎಂದರು. "ಮೀಸೆ ಕೂಡ ನೆಟ್ಟಗೆ ಬಂದಿಲ್ಲವಲ್ಲೋ. ಇಷ್ಟು ಚಿಕ್ಕವನಾ ನೀನು?"

ಅಷ್ಟು ಬೆಳಕಿಗೆ ಅವನ ಕಣ್ಣಲ್ಲಿ ನೀರು ಧಾರೆಯಾಗಿ ಇಳಿಯುತ್ತಿತ್ತು. ಅವನು ಕಣ್ಣು ಮುಚ್ಚಲಿಲ್ಲ.

"ಕುಕ್ಕುತ್ತಾ ಮಗಾ? ಆರಿಸ್ಲಾ?"

"ಬೇಡ ಮೇಡಂ. ನೋಡಿ."

ಮಿಸ್ ಲಿಬ್ಬಿ ದೀಪವನ್ನು ಆರಿಸಲಿಲ್ಲ. ನಾನು ಎದ್ದು ಹೋಗಿ ಒಲೆಯನ್ನು ಸಣ್ಣ ಮಾಡಿದೆ.